ಟೆಸ್ಟಿಂಗ್ ಟೈಮ್, ಟೆಲಿಗ್ರಾಂ ಟಿಪ್ಪು ಮತ್ತು ಮೆಲ್ಬರ್ನ್‌ನ ಮೊದಲ ರೇಸು

ಪ್ರಶ್ನೆ: "ನಮಸ್ಕಾರ ಸರ್. ನಾನು ಬಾಗಲಕೋಟೆ ನವನಗರದವ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಇಲ್ಲೇ ಒಂದು ಕಾರ್ ಸರ್ವಿಸ್ ಸೆಂಟರ್‌ನಾಗ ಕೆಲಸ ಮಾಡ್ತೀನಿ. ನಾವು ಐದು ಮಂದಿ ಗೆಳ್ಯಾರು ಫಾರ್ಮುಲಾ ಒನ್ ಹುಚ್ಚು ಹಚ್ಚಿಕೊಂಡವರು. ಪ್ರತಿ ವರ್ಷ ಸೀಸನ್ ಶುರು ಆಗೂ ಮುಂಚಿನ ಟೆಸ್ಟಿಂಗ್ ಓಟದ ಟೈಮ್ ನೋಡಿ 'ಈ ಸಲ ಫೆರಾರಿನೇ' ಅಂತ ನಾನು ಗುಡುಗ್ತೀನಿ, ಮೊದಲನೇ ರೇಸ್ ಮುಗಿಯೂದ್ರಾಗ ಗುಂಪಿನಾಗ ನನ್ನ ಮೀಮ್ ಓಡ್ಯಾಡ್ತಿರ್ತಾವು. ಈ ಸಲ, 2026ಕ್ಕ, ನಿಯಮ ಪೂರಾ ಬದಲಾಗ್ಯಾವು, ಕಾರು ಅರ್ಧ ಬ್ಯಾಟರಿ ಮ್ಯಾಲೆ ಓಡ್ತದ ಅಂತಾರ. ಒಬ್ಬ ಗೆಳೆಯ ಟೆಲಿಗ್ರಾಂ ಗುಂಪೊಂದಕ್ಕ ಸೇರ್ಯಾನ, ಅಲ್ಲಿ ಟೆಸ್ಟಿಂಗ್ ಲೆಕ್ಕ ಹಾಕಿ ಗೆಲ್ಲವರ ಹೆಸರು 'ಪಕ್ಕಾ' ಹೇಳ್ತಾರಂತ. ತಲಾ ಎರಡೆರಡು ಸಾವಿರ ಹಾಕೂಣು ಅನ್ನಾಕತ್ತಾನ. ಇನ್ನೊಬ್ಬ, ಮೊದಲನೇ ರೇಸ್ ಗೆದ್ದವನೇ ಚಾಂಪಿಯನ್ ಅಂತ ವಾದ ಮಾಡ್ತಾನ. ನನ್ನ ಹತ್ರ ಒಂದಿಷ್ಟು ಕೂಡಿಟ್ಟ ರೊಕ್ಕ ಐತಿ, ಈ ಸಲ ಮೊದಲನೇ ರೇಸ್ ನಡಿಯೂ ಮೆಲ್ಬರ್ನ್‌ಗೇ ಮುಂದಿನ ವರ್ಷ ಸೀದಾ ಹೋಗಿಬಿಡ್ಲೇನು ಅನ್ನೂ ಆಸೆನೂ ಐತಿ. ಯಾವುದು ನಂಬಲಿ, ಯಾವುದು ಬಿಡಲಿ?"

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ, ಆದರೆ ಒಳಗಿರುವ ಕಿರಿಕಿರಿ ಒಂದೇ. ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಅಳೆದ ಅಂಕಿ ಕಣ್ಣ ಮುಂದಿದ್ದರೂ ಪ್ರತಿ ವರ್ಷ ಬೇಸ್ತು ಬೀಳುವುದು ಹೇಗೆ? ಗೇಜು, ಟಾರ್ಕ್ ರೆಂಚು ಹಿಡಿದು ದುಡಿಯುವವರಿಗೆ ಇದು ಇನ್ನೂ ಚುಚ್ಚುತ್ತದೆ. ಅಳತೆಯನ್ನು ನಂಬಿಯೇ ಹೊಟ್ಟೆ ಹೊರೆಯುವವರು ನಾವು.

ಅಂಕಿ ಸುಳ್ಳಲ್ಲ. ಅದನ್ನು ಯಾವ ಸ್ಥಿತಿಯಲ್ಲಿ ಅಳೆದರು ಅನ್ನುವುದನ್ನು ತಂಡಗಳು ಬಾಯಿ ಬಿಡುವುದಿಲ್ಲ, ಅಷ್ಟೇ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎಂಜಿನ್ ಪರೀಕ್ಷೆಯ ಕೆಲಸದಲ್ಲೇ ಬಹುಕಾಲ ಇದ್ದವನು. ಶಕ್ತಿ ಅಳೆಯುವ ಡೈನಮೋಮೀಟರ್ ಮೇಲೆ ಎಂಜಿನ್ ಕೂರಿಸಿದಾಗ ನಾವು ಮೊದಲು ಬರೆದುಕೊಳ್ಳುವುದು ಅಶ್ವಶಕ್ತಿಯನ್ನಲ್ಲ. ಆ ಹೊತ್ತಿನ ಗಾಳಿಯ ಒತ್ತಡ, ಉಷ್ಣಾಂಶ, ತೇವಾಂಶ ಮೊದಲು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಗೋವೆಯ ದಂಡೆಯಲ್ಲಿ ಕೊಡುವುದಕ್ಕಿಂತ ಇಲ್ಲಿ ಶೇ 7–8ರಷ್ಟು ಕಡಿಮೆ ಶಕ್ತಿ ಕೊಡುತ್ತದೆ. ಎಂಜಿನ್ ಅದೇ, ಪೆಟ್ರೋಲ್ ಅದೇ, ಗಾಳಿ ಮಾತ್ರ ತೆಳು. ಆ ತಿದ್ದುಪಡಿಯ ಲೆಕ್ಕ ಇಲ್ಲದ ರಿಪೋರ್ಟನ್ನು ಯಾರಾದರೂ ಮೇಜಿನ ಮೇಲೆ ಇಟ್ಟರೆ ನಾವು ಓದದೆ ವಾಪಸ್ ಕಳಿಸುತ್ತೇವೆ. ಸೀಸನ್ ಶುರುವಾಗುವ ಮುಂಚಿನ ಟೆಸ್ಟಿಂಗ್ ಪಟ್ಟಿ ಅಂಥದೇ ಒಂದು ರಿಪೋರ್ಟು.

ಮುಚ್ಚಿಡುವ ವಿಷಯಗಳಲ್ಲಿ ದೊಡ್ಡದು ಇಂಧನದ ತೂಕ. 2025ರವರೆಗೆ ಒಂದು ರೇಸಿಗೆ 110 ಕೆ.ಜಿ. ತನಕ ಇಂಧನ ಬಳಸಬಹುದಿತ್ತು. ಟ್ಯಾಂಕಿನಲ್ಲಿ 10 ಕೆ.ಜಿ. ಹೆಚ್ಚಿದ್ದರೆ ಲ್ಯಾಪಿಗೆ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ, ಸರಿಸುಮಾರು 0.3 ಸೆಕೆಂಡ್ ಹೋಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಅಂದರೆ ಒಬ್ಬ 15 ಕೆ.ಜಿ. ಇಟ್ಟುಕೊಂಡು, ಇನ್ನೊಬ್ಬ 55 ಕೆ.ಜಿ. ಇಟ್ಟುಕೊಂಡು ಓಡಿದರೆ ಬರೀ ತೂಕದಿಂದಲೇ 1.2 ಸೆಕೆಂಡಿನ ಅಂತರ ಬಿತ್ತು. ರೇಸಿನಲ್ಲಿ ಯಾರು ಎಷ್ಟನೆಯವರಾಗಿ ಹೊರಡಬೇಕು ಎಂದು ತೀರ್ಮಾನಿಸುವ ಓಟ ಕ್ವಾಲಿಫೈಯಿಂಗ್. ಇತ್ತೀಚಿನ ವರ್ಷಗಳಲ್ಲಿ ಅದರಲ್ಲಿ ಮೊದಲಿನವನಿಗೂ ಹದಿನೈದನೆಯವನಿಗೂ ಇಷ್ಟು ಅಂತರ ಇರುವುದಿಲ್ಲ ಎಷ್ಟೋ ಸಲ. ಇದರ ಮೇಲೆ ಎಂಜಿನ್ನನ್ನು ಎಷ್ಟು ಬಿಗಿಯಾಗಿ ಓಡಿಸಿದರು, ಮೆದು ಟೈರೋ ಗಟ್ಟಿ ಟೈರೋ, ಬಹ್ರೇನ್‌ನ ಮಧ್ಯಾಹ್ನದ ಉರಿಯಲ್ಲೋ ಸಂಜೆ ದೀಪ ಹತ್ತಿದ ಮೇಲೋ, ಇವೆಲ್ಲ ಸೇರಿಕೊಳ್ಳುತ್ತವೆ.

ನಿಮ್ಮ ಕಡೆಯ ಜಾತ್ರೆಗಳಲ್ಲಿ ಎತ್ತಿನ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಲಿ ಬಂಡಿ ಹೂಡಿ ಊರ ಹೊರಗೆ ಓಡಿಸಿದ ಜೋಡಿಯನ್ನು ನೋಡಿ ಯಾರೂ ಬಹುಮಾನ ಕೂಗುವುದಿಲ್ಲ. ಭಾರ ಹೇರಿದ ಮೇಲೆ, ಕೊಟ್ಟ ಹೊತ್ತಿನೊಳಗೆ ಎಷ್ಟು ದೂರ ಎಳೆದವು ಅನ್ನುವುದೇ ಲೆಕ್ಕ.

ಮನುಷ್ಯರ ಕಡೆಯಿಂದಲೂ ಒಂದು ಮಾತು ಹೇಳಬೇಕು. ರ್ಯಾಲಿಗಳಲ್ಲಿ ವಾಹನ ತಪಾಸಣೆಯ ಕೆಲಸಕ್ಕೆ ನಾನು ಹೋಗುವುದುಂಟು. ಹಿಂದಿನ ದಿನದ ಅಭ್ಯಾಸ ಓಟಕ್ಕೆ ಮುಂಚೆ ಸರ್ವಿಸ್ ಪಾರ್ಕಿನಲ್ಲಿ ಸುಮ್ಮನೆ ಒಂದು ಕಡೆ ನಿಂತು ನೋಡಬೇಕು. ಮೆಕ್ಯಾನಿಕ್ ಹುಡುಗ ಡಿಕ್ಕಿ ತೆಗೆದು ಸ್ಟೆಪ್ನಿ ಇಳಿಸುತ್ತಾನೆ, ಜಾಕ್ ಇಳಿಸುತ್ತಾನೆ, ಟೂಲ್ ಚೀಲ ಇಳಿಸಿ ಟಾರ್ಪಾಲಿನ ಕೆಳಗೆ ತಳ್ಳುತ್ತಾನೆ, ಕ್ಯಾನಿನಿಂದ ಅಳೆದು ಅಳೆದು ಪೆಟ್ರೋಲ್ ಸುರಿಯುತ್ತಾನೆ. ಆ ಕಾರು ಎಲ್ಲರಿಗಿಂತ ಬೇಗ ಬಂದು ನಿಂತಾಗ ಸುತ್ತ ಸೇರಿದ ಹುಡುಗರು ಸಿಳ್ಳೆ ಹಾಕುತ್ತಾರೆ, ಪ್ರಾಯೋಜಕರು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಟೆಂಟಿನಲ್ಲಿ ಪೂರ್ತಿ ಸಾಮಾನು ಹೇರಿಕೊಂಡೇ ಓಡಿ, ಆರನೇ ಟೈಮ್ ತಂದು, ಏನೂ ಆಗದವನಂತೆ ಚಹಾ ಕುಡಿಯುತ್ತ ಕೂತವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತಪಾಸಣೆಯವರು ಮಾತ್ರ ನೋಡುತ್ತಾರೆ. ಫಾರ್ಮುಲಾ ಒನ್‌ನಲ್ಲಿ ಈ ಎರಡೂ ಜಾತಿಯವರಿದ್ದಾರೆ: ಪ್ರಾಯೋಜಕರ ಕಣ್ಣಿಗೆ ಬೀಳಲು ಹಗುರಾಗಿ ಓಡುವವರು, ಎದುರಾಳಿಯ ಕಣ್ಣಿಗೆ ಮಣ್ಣೆರಚಲು ಭಾರವಾಗಿ ಓಡುವವರು.

ಹಾಗೆಂದು ಟೆಸ್ಟಿಂಗ್ ಪೂರಾ ನಾಟಕ ಅಂದುಬಿಟ್ಟರೆ ಅದೂ ತಪ್ಪಾಗುತ್ತದೆ. ಮೂರು ವರ್ಷಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ. 2019ರಲ್ಲಿ ಬಾರ್ಸಿಲೋನಾ ಟೆಸ್ಟಿಂಗ್‌ನ ಪಟ್ಟಿಯಲ್ಲಿ ತುದಿಗೆ ಇದ್ದದ್ದು ಫೆರಾರಿಯ ಸೆಬಾಸ್ಟಿಯನ್ ವೆಟೆಲ್. ಮರ್ಸಿಡಿಸ್‌ನ ಹ್ಯಾಮಿಲ್ಟನ್ ಕೇವಲ 0.003 ಸೆಕೆಂಡ್ ಹಿಂದಿದ್ದರೂ ಆ ತಂಡ ಹಿಂದೆ ಬಿದ್ದಿದೆ ಎಂದೇ ಊರೆಲ್ಲ ಮಾತಾಡಿತು. ಮೆಲ್ಬರ್ನ್‌ನಲ್ಲಿ ಆದದ್ದೇನು? ಮರ್ಸಿಡಿಸ್‌ನ ಬೊಟ್ಟಾಸ್ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಗೆದ್ದರು, ಹ್ಯಾಮಿಲ್ಟನ್ ಎರಡನೆಯವರಾದರು. ವೆಟೆಲ್ ನಾಲ್ಕನೆಯವರಾಗಿ ಸುಮಾರು 57 ಸೆಕೆಂಡ್ ತಡವಾಗಿ ಗೆರೆ ದಾಟಿದರು. ನಿಮ್ಮ ಮೀಮ್ ಆ ವರ್ಷ ಜೋರಾಗಿಯೇ ಓಡಿರಬೇಕು.

2009ರಲ್ಲಿ ಇದಕ್ಕೆ ತಿರುವುಮುರುವು. ಹೋಂಡಾ ಕಂಪನಿ 2008ರ ಡಿಸೆಂಬರಿನಲ್ಲಿ ಕೈ ಎತ್ತಿತು. ಉಳಿದ ತಂಡವನ್ನು ಅದರ ಮುಖ್ಯಸ್ಥರಾಗಿದ್ದ ರಾಸ್ ಬ್ರಾನ್ ಕೊಂಡು, ತಮ್ಮ ಹೆಸರಿನಲ್ಲೇ ಬಿಳಿ ಕಾರು ತಂದರು. ಮೈಮೇಲೆ ಜಾಹೀರಾತೇ ಇಲ್ಲದ ಆ ಕಾರು ಮಾರ್ಚಿನಲ್ಲಿ ತಡವಾಗಿ ಟೆಸ್ಟಿಂಗ್‌ಗೆ ಬಂದು ಎಲ್ಲರನ್ನೂ ಮೀರಿ ಓಡಿದಾಗ, ಪ್ರಾಯೋಜಕರನ್ನು ಹುಡುಕಲು ತೂಕ ಇಳಿಸಿ ಓಡಿಸುತ್ತಿದ್ದಾರೆ ಎಂದು ಬಲ್ಲವರೇ ನಕ್ಕರು. ಮೆಲ್ಬರ್ನ್‌ನಲ್ಲಿ ಆ ತಂಡದ ಜೆನ್ಸನ್ ಬಟನ್ ಮೊದಲು, ಜೊತೆಗಾರ ಬ್ಯಾರಿಕೆಲ್ಲೊ ಎರಡನೆಯವರು. ವರ್ಷದ ಕೊನೆಗೆ ಚಾಂಪಿಯನ್ ಪಟ್ಟವೂ ಬಟನ್‌ಗೇ. ಆ ಸಲ ಪಟ್ಟಿ ನಿಜ ಹೇಳಿತ್ತು, ನಂಬದವರು ಬೇಸ್ತು ಬಿದ್ದರು.

ಈ ಸಲಕ್ಕೆ ಹೆಚ್ಚು ಹತ್ತಿರವಾದದ್ದು 2014, ಏಕೆಂದರೆ ಆಗಲೂ ಎಂಜಿನ್ನಿನ ನಿಯಮ ಬುಡಮೇಲಾಗಿತ್ತು. ಹಿಂದಿನ ನಾಲ್ಕು ವರ್ಷ ಸತತವಾಗಿ ಚಾಂಪಿಯನ್ ಆಗಿದ್ದ ರೆಡ್ ಬುಲ್, ಸ್ಪೇನಿನ ಹೆರೆಸ್‌ನಲ್ಲಿ ನಡೆದ ಮೊದಲ ಟೆಸ್ಟಿಂಗ್‌ನ ನಾಲ್ಕು ದಿನದಲ್ಲಿ ಓಡಿದ್ದು ಬರೀ 21 ಲ್ಯಾಪ್. ಮರ್ಸಿಡಿಸ್ 300 ದಾಟಿತ್ತು. ಟೈಮ್ ಯಾರದು ಚೆನ್ನಾಗಿತ್ತು ಅನ್ನುವುದನ್ನು ಈಗ ಯಾರೂ ನೆನಪಿಟ್ಟಿಲ್ಲ, ಆ ಲ್ಯಾಪ್ ಎಣಿಕೆಯೇ ಇಡೀ ವರ್ಷದ ಜಾತಕವಾಯಿತು. ಆದರೂ ಮೆಲ್ಬರ್ನ್‌ನಲ್ಲಿ ಒಂದು ತಮಾಷೆ ನಡೆಯಿತು. ಅದೇ ರೆಡ್ ಬುಲ್‌ನಲ್ಲಿ ಡೇನಿಯಲ್ ರಿಕಾರ್ಡೊ ತವರಿನ ಜನರ ಮುಂದೆ ಎರಡನೆಯವರಾಗಿ ಬಂದು ಪೋಡಿಯಂ ಹತ್ತಿದರು. ಕೆಲವು ಗಂಟೆ ಕಳೆಯುವಷ್ಟರಲ್ಲಿ, ಗಂಟೆಗೆ 100 ಕೆ.ಜಿ.ಗಿಂತ ಹೆಚ್ಚು ಇಂಧನ ಹರಿಸಿದ ಕಾರಣಕ್ಕೆ ಅನರ್ಹರಾದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಯಮ ಹೊಸದಿದ್ದಾಗ ಬಾವುಟ ಬೀಸಿದ ಮೇಲೂ ಒಂದೆರಡು ಗಂಟೆ ಕಾಯುವುದು ಒಳ್ಳೆಯದು. ತಪಾಸಣೆಯವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಹಾಗಾದರೆ ಟೆಸ್ಟಿಂಗ್‌ನಲ್ಲಿ ನೋಡುವುದೇನು? ಮೊದಲು ಲ್ಯಾಪ್ ಎಣಿಕೆ. ಆಮೇಲೆ, ಒಂದೇ ಟೈರಿನ ಮೇಲೆ ಹದಿನೈದು ಇಪ್ಪತ್ತು ಲ್ಯಾಪ್ ಬಿಡದೆ ಓಡಿದಾಗ ಟೈಮ್ ಹೇಗೆ ಇಳಿಯುತ್ತದೆ ಅನ್ನುವುದು. ಲ್ಯಾಪಿನಿಂದ ಲ್ಯಾಪಿಗೆ ಒಂದೇ ಸಮ ಓಡುವ ಕಾರನ್ನು ನಂಬಿ, ಒಮ್ಮೆ ಮಿಂಚಿ ಆಮೇಲೆ ಗ್ಯಾರೇಜು ಸೇರಿದ ಕಾರನ್ನಲ್ಲ. ಕ್ಯಾಮೆರಾ ಗ್ಯಾರೇಜಿನ ಕಡೆ ತಿರುಗಿದಾಗ ಮೆಕ್ಯಾನಿಕ್‌ಗಳ ಕೈ ನೋಡಿ. ನೀವೂ ಅದೇ ಕೆಲಸದವರು, ಮಾಮೂಲಿ ಬದಲಾವಣೆಗೂ ಗಾಬರಿಯ ಬಿಚ್ಚಾಟಕ್ಕೂ ಇರುವ ವ್ಯತ್ಯಾಸ ಕಾಮೆಂಟೇಟರ್‌ಗಿಂತ ನಿಮಗೇ ಬೇಗ ತಿಳಿಯುತ್ತದೆ. ಈ ವರ್ಷದ ಪಟ್ಟಿಯಲ್ಲಿ ಯಾರು ಮೇಲಿದ್ದಾರೆ ಅನ್ನುವುದನ್ನು ನಾನು ಬೇಕೆಂದೇ ಎತ್ತುತ್ತಿಲ್ಲ. ಎತ್ತಿದರೆ ನಾನೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ.

ಇನ್ನು 'ಅರ್ಧ ಬ್ಯಾಟರಿ ಕಾರು' ಅನ್ನುವ ಮಾತು. ಅರ್ಧ ನಿಜ. 1.6 ಲೀಟರಿನ ವಿ6 ಟರ್ಬೊ ಎಂಜಿನ್ ಹಾಗೆಯೇ ಇದೆ, ಸದ್ದೂ ಇದೆ, ಇಂಧನ ಮಾತ್ರ ಪೂರ್ತಿ ಸುಸ್ಥಿರ ಮೂಲದ್ದು. ಎಂಜಿನ್ನಿನ ಪಾಲು 400 ಕಿಲೋವ್ಯಾಟ್ ಆಸುಪಾಸಿಗೆ ಇಳಿದಿದೆ, ಹಿಂದೆ 120 ಕಿಲೋವ್ಯಾಟ್ ಕೊಡುತ್ತಿದ್ದ ವಿದ್ಯುತ್ ಮೋಟಾರು ಈಗ 350 ಕೊಡುತ್ತದೆ. ಕಾರಿನ ಕನಿಷ್ಠ ತೂಕ 768 ಕೆ.ಜಿ.ಗೆ ಇಳಿದಿದೆ, ಅಗಲ 10 ಸೆಂ.ಮೀ. ಕಡಿಮೆಯಾಗಿದೆ. ಹಿಂದಿನ ರೆಕ್ಕೆ ತೆರೆಯುವ ಡಿಆರ್‌ಎಸ್ ಹೋಯಿತು. ಬದಲಿಗೆ ಗೊತ್ತುಪಡಿಸಿದ ನೇರ ದಾರಿಗಳಲ್ಲಿ ಎಲ್ಲರೂ ಮುಂದಿನ, ಹಿಂದಿನ ರೆಕ್ಕೆಗಳೆರಡನ್ನೂ ಚಪ್ಪಟೆ ಮಾಡಿಕೊಳ್ಳಬಹುದು. ಮುಂದಿನವನಿಗೆ ಒಂದು ಸೆಕೆಂಡಿನೊಳಗೆ ಇದ್ದರೆ ಹಿಂದಿನವನಿಗೆ ಹೆಚ್ಚುವರಿ ವಿದ್ಯುತ್ ಸಿಗುತ್ತದೆ.

ಮುಖ್ಯವಾದ ಲೆಕ್ಕ ಬೇರೆಯೇ ಇದೆ, ಸ್ವಲ್ಪ ನಿಧಾನ ಓದಿ. ಬ್ಯಾಟರಿ ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ನಿಯಮ ಬಿಡುವ ಅಂತರ 4 ಮೆಗಾಜೂಲ್. ಮೋಟಾರು 350 ಕಿಲೋವ್ಯಾಟ್‌ನಲ್ಲಿ ಎಳೆದರೆ ಅದು 11 ಸೆಕೆಂಡಿಗೆ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಮೆಲ್ಬರ್ನ್‌ನ ಒಂದು ಲ್ಯಾಪ್ 80 ಸೆಕೆಂಡಿನ ಆಸುಪಾಸು. ಹಾಗಾಗಿ ಲ್ಯಾಪಿನುದ್ದಕ್ಕೂ ಬ್ಯಾಟರಿಯನ್ನು ತುಂಬುತ್ತ, ಖಾಲಿ ಮಾಡುತ್ತ ಇರಲೇಬೇಕು. ತುಂಬುವುದು ಹೆಚ್ಚಾಗಿ ಬ್ರೇಕಿನಿಂದ. ಹಿಂದೆ ಟರ್ಬೊದ ಬಿಸಿಗಾಳಿಯಿಂದಲೂ ವಿದ್ಯುತ್ ತೆಗೆಯುತ್ತಿದ್ದ ಎಂಜಿಯು-ಎಚ್ ಅನ್ನುವ ಭಾಗವನ್ನು ಈ ಸಲ ಕಿತ್ತುಹಾಕಿದ್ದಾರೆ.

ಈಗ ಎರಡು ಟ್ರ್ಯಾಕ್‌ಗಳ ನಕ್ಷೆ ಎದುರಿಗೆ ಇಟ್ಟುಕೊಳ್ಳಿ. ಬಹ್ರೇನ್ ಅಂದರೆ ಉದ್ದನೆಯ ನೇರ ದಾರಿ, ಅದರ ತುದಿಗೆ ಗಟ್ಟಿ ಬ್ರೇಕು, ಮತ್ತೆ ನೇರ, ಮತ್ತೆ ಬ್ರೇಕು. ಬ್ಯಾಟರಿಗೆ ಹೊಟ್ಟೆ ತುಂಬ ಊಟ. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್ ಕೆರೆಯ ಸುತ್ತ ಹೊರಳುವ ಉದ್ಯಾನದ ರಸ್ತೆ. 5.278 ಕಿ.ಮೀ., 14 ತಿರುವು, ಹೆಚ್ಚಿನವು ಬ್ರೇಕನ್ನು ಪೂರ್ತಿ ಒತ್ತದೆ ಹಾದುಹೋಗುವಂಥವು. ಹಿಂದೆ ಕೆರೆಯ ಹಿಂಬದಿಯಲ್ಲಿ ವೇಗ ತಗ್ಗಿಸುತ್ತಿದ್ದ ಅಂಕುಡೊಂಕನ್ನೂ 2022ರ ರೇಸಿಗೆ ಮುಂಚೆ ತೆಗೆದು ಸಲೀಸು ಮಾಡಿದರು. ಆ ದಾರಿಯಲ್ಲಿ ಬ್ಯಾಟರಿ ತುಂಬುವುದಕ್ಕೆ ಎಡೆಯೇ ಕಡಿಮೆ. ಚಾಲಕ ತಿರುವಿಗೆ ಮುಂಚೆಯೇ ಆಕ್ಸಿಲರೇಟರ್ ಬಿಡಬೇಕು, ಇಲ್ಲವೇ ಕಾಲು ಪೂರ್ತಿ ಒತ್ತಿದ್ದರೂ ನೇರ ದಾರಿಯ ಕೊನೆಯಲ್ಲಿ ಎಂಜಿನ್ನಿನ ಶಕ್ತಿಯನ್ನೇ ಬ್ಯಾಟರಿಗೆ ತಿರುಗಿಸಬೇಕು. ಟಿ.ವಿ.ಯಲ್ಲಿ ವೇಗ ತೋರಿಸುವ ಅಂಕಿಯ ಮೇಲೆ ಕಣ್ಣಿಡಿ. ನೇರ ದಾರಿ ಮುಗಿಯುವ ಮುಂಚೆಯೇ ಅದು ಇಳಿಯತೊಡಗಿದರೆ ಆ ಕಾರಿನ ಬ್ಯಾಟರಿ ಸೋತಿತು ಎಂದು ತಿಳಿಯಿರಿ. ಬಹ್ರೇನ್ ಟೆಸ್ಟಿಂಗ್‌ನ ಟೈಮನ್ನು ಮೆಲ್ಬರ್ನ್‌ಗೆ ಹೊತ್ತು ತರಬಾರದು ಅನ್ನುವುದಕ್ಕೆ ಈ ವರ್ಷ ನನ್ನ ಮೊದಲ ಕಾರಣ ಇದೇ. ಟೆಲಿಗ್ರಾಂ ಪಂಡಿತರು ಇದನ್ನು ಹೇಳಿದ್ದಾರೆಯೇ, ಕೇಳಿ ನೋಡಿ.

ಕಣ್ಣಿಡಬೇಕಾದ ಇನ್ನೊಂದು ಜಾಗ ಗ್ರಿಡ್, ಅಂದರೆ ಕಾರುಗಳು ಸಾಲಾಗಿ ನಿಂತು ಹೊರಡುವ ಜಾಗ. ಆ ಎಂಜಿಯು-ಎಚ್ ಇದ್ದಾಗ ಟರ್ಬೊವನ್ನು ಮೋಟಾರೇ ತಿರುಗಿಸಿ ಸಿದ್ಧವಾಗಿ ಇಡುತ್ತಿತ್ತು. ಈಗ ಎಂಜಿನ್ ಹೊಗೆ ಸಾಕಷ್ಟು ಹರಿಯುವವರೆಗೆ ಟರ್ಬೊ ಏಳುವುದಿಲ್ಲ. ಟರ್ಬೊ ಲ್ಯಾಗ್ ಅಂದರೇನು ಅಂತ ನಿಮ್ಮ ಸರ್ವಿಸ್ ಸೆಂಟರ್‌ಗೆ ಬರುವ ಹಳೆಯ ಡೀಸೆಲ್ ಗಾಡಿಗಳೇ ದಿನಾ ತೋರಿಸುತ್ತವೆ. ಐದು ಕೆಂಪು ದೀಪ ಆರುವಾಗ ಯಾರ ಕಾರು ತಟಕ್ಕನೆ ಹೊರಟಿತು, ಯಾರದು ಮುಗ್ಗರಿಸಿತು ನೋಡಿ. ಮೊದಲ ತಿರುವಿಗೆ ಹೋಗುವಷ್ಟರಲ್ಲಿ ನಾಲ್ಕೈದು ಸ್ಥಾನ ಅದಲು ಬದಲಾದರೆ ನನಗಂತೂ ಆಶ್ಚರ್ಯವಿಲ್ಲ.

ಮೊದಲ ರೇಸ್ ಗೆದ್ದವನೇ ಚಾಂಪಿಯನ್ ಅನ್ನುವ ಗೆಳೆಯನಿಗೆ ಈ ಲೆಕ್ಕ ಕೊಡಿ. 2009ರಿಂದ 2025ರವರೆಗಿನ 17 ಸೀಸನ್‌ಗಳಲ್ಲಿ ಮೊದಲ ರೇಸನ್ನೂ ಚಾಂಪಿಯನ್‌ಷಿಪ್ಪನ್ನೂ ಒಬ್ಬರೇ ಗೆದ್ದದ್ದು 7 ಸಲ: 2009ರಲ್ಲಿ ಬಟನ್, 2011ರಲ್ಲಿ ವೆಟೆಲ್, 2015ರಲ್ಲಿ ಹ್ಯಾಮಿಲ್ಟನ್, 2016ರಲ್ಲಿ ರೋಸ್‌ಬರ್ಗ್, 2023 ಮತ್ತು 2024ರಲ್ಲಿ ವರ್ಸ್ಟಾಪನ್, 2025ರಲ್ಲಿ ಲ್ಯಾಂಡೊ ನಾರಿಸ್. ಅರ್ಧಕ್ಕಿಂತ ಕಡಿಮೆ. 2017ರಿಂದ 2022ರವರೆಗೆ ಸಾಲಾಗಿ ಆರು ವರ್ಷ ಒಮ್ಮೆಯೂ ಕೂಡಿಬರಲಿಲ್ಲ. 2022ರಲ್ಲಿ ಬಹ್ರೇನ್‌ನಲ್ಲಿ ಫೆರಾರಿಗಳು ಮೊದಲೆರಡು ಸ್ಥಾನ ಹಿಡಿದವು, ಎರಡೂ ರೆಡ್ ಬುಲ್ ಕೊನೆಯ ಲ್ಯಾಪ್‌ಗಳಲ್ಲಿ ಕೈಕೊಟ್ಟವು. ವರ್ಷದ ಕೊನೆಗೆ ಕಪ್ ಹೋದದ್ದು ರೆಡ್ ಬುಲ್‌ನ ವರ್ಸ್ಟಾಪನ್ ಮನೆಗೆ. 2014ರಲ್ಲಿ ಪೋಲ್‌ನಿಂದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ, ಹೊರಟ ಹ್ಯಾಮಿಲ್ಟನ್‌ಗೆ ಒಂದು ಸಿಲಿಂಡರ್ ಕೆಲಸ ನಿಲ್ಲಿಸಿ ಆರಂಭದಲ್ಲೇ ಹಿಂದಿರುಗಬೇಕಾಯಿತು, ಆ ವರ್ಷದ ಚಾಂಪಿಯನ್ ಅವರೇ.

ಆದರೆ ಗೆಳೆಯನನ್ನು ಪೂರ್ತಿ ಬಾಯಿ ಮುಚ್ಚಿಸಲೂ ಆಗದು. ಮೊದಲ ರೇಸು ಭವಿಷ್ಯ ಹೇಳದಿದ್ದರೂ ಅಂಕ ಕೊಡುತ್ತದೆ. 2025ರ ಮಳೆಯ ಮೆಲ್ಬರ್ನ್‌ನಲ್ಲಿ ನಾರಿಸ್ ಮುಂದೆ, ತವರಿನ ಹುಡುಗ ಪಿಯಾಸ್ತ್ರಿ ಹಿಂದೆ ಓಡುತ್ತಿದ್ದರು. 44ನೇ ಲ್ಯಾಪಿನಲ್ಲಿ ಮತ್ತೆ ಮಳೆ ಹನಿದಾಗ ಮೆಕ್ಲಾರೆನ್‌ನ ಎರಡೂ ಕಾರು ಜಾರಿದವು. ನಾರಿಸ್ ಸಾವರಿಸಿಕೊಂಡರು, ಪಿಯಾಸ್ತ್ರಿ ಹುಲ್ಲಿನಲ್ಲಿ ಸಿಕ್ಕಿಕೊಂಡು ಒದ್ದಾಡಿ ಕೊನೆಗೆ ಒಂಬತ್ತನೆಯವರಾದರು. ಎರಡನೆಯವರಿಗೆ 18 ಅಂಕ, ಒಂಬತ್ತನೆಯವರಿಗೆ 2. ವರ್ಷದ ಕೊನೆಗೆ ನಾರಿಸ್ 423, ವರ್ಸ್ಟಾಪನ್ 421, ಪಿಯಾಸ್ತ್ರಿ 410. ಆ 16 ಅಂಕವನ್ನು ಎಲ್ಲಿ ಇಟ್ಟು ಕೂಡಿಸಬೇಕೋ ನೀವೇ ಕೂಡಿಸಿ ನೋಡಿ. ಬಾಕಿ 23 ರೇಸುಗಳಲ್ಲಿ ಎಷ್ಟೋ ಏರುಪೇರಾಗಿದೆ, ಅದು ಬೇರೆ ಮಾತು.

ಟೆಲಿಗ್ರಾಂ ಗುಂಪಿನ ವಿಷಯಕ್ಕೆ ಬರೋಣ, ಇಲ್ಲಿ ನಾನು ಸುತ್ತಿಬಳಸಿ ಹೇಳುವುದಿಲ್ಲ: ಹಾಕಬೇಡಿ. ಅವರ ಕಸುಬಿನ ಒಳಗುಟ್ಟು ಬಹಳ ಸರಳ. ಈ ವರ್ಷ 11 ತಂಡ, 22 ಕಾರು. ಗೆಲ್ಲುವ ತಾಕತ್ತಿರುವ ಏಳೆಂಟು ಹೆಸರನ್ನು ಏಳೆಂಟು ಬೇರೆ ಬೇರೆ ಗುಂಪಿಗೆ 'ಪಕ್ಕಾ' ಎಂದು ಕಳಿಸಿದರೆ ಯಾವುದೋ ಒಂದು ಗುಂಪಿಗೆ ನಿಜವಾಗಿಯೇ ತೀರುತ್ತದೆ. ಆ ಗುಂಪಿನವರು ಮುಂದಿನ ರೇಸಿಗೆ ದುಪ್ಪಟ್ಟು ಹಾಕುತ್ತಾರೆ, ಉಳಿದ ಗುಂಪುಗಳು ರಾತ್ರೋರಾತ್ರಿ ಮಾಯ. ಹಣದ ರೂಪದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲೇ ಅಂಗೀಕರಿಸಿದೆ. ಆ ದಂಧೆ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲವಲ್ಲ ಎಂದು ನಿಮ್ಮ ಗೆಳೆಯ ವಾದಿಸಬಹುದು. ಸರಿ, ಆದರೆ ದುಡ್ಡು ಮುಳುಗಿದಾಗ ಯಾರ ಮೇಲೆ, ಯಾವ ಬಾಯಲ್ಲಿ ದೂರು ಕೊಡುತ್ತಾರೆ? ಯುಪಿಐ ಕಳಿಸಿದ ಖಾತೆ ಯಾರದು ಅನ್ನುವುದೇ ಗೊತ್ತಿರುವುದಿಲ್ಲ. ಪಂದ್ಯ ಕಟ್ಟದೆ ಮೈ ಕಡಿಯುತ್ತಿದ್ದರೆ ಐವರೂ ಒಂದೊಂದು ಚೀಟಿಯಲ್ಲಿ ಮೊದಲ ಹತ್ತರ ಹೆಸರು ಬರೆದು ಡಬ್ಬಿಗೆ ಹಾಕಿ. ಸೋತವನು ಎಲ್ಲರಿಗೂ ಗಿರಮಿಟ್, ಮಿರ್ಚಿ ತರಬೇಕು.

ನೋಡುವ ಬಗೆ. ರೇಸ್ ನಡೆಯುವ 2026ರ ಮಾರ್ಚ್ 6ರಿಂದ 8ರವರೆಗೆ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಅಲ್ಲಿಯ ಮಧ್ಯಾಹ್ನ ಮೂರು ಅಂದರೆ ನಮ್ಮ ಭಾನುವಾರ ಬೆಳಿಗ್ಗೆ 9.30. ಬೇರೆ ಎಷ್ಟೋ ರೇಸಿಗೆ ರಾತ್ರಿ ನಿದ್ದೆಗೆಡುವ ನಮಗೆ ಇದು ಹಬ್ಬದ ಮುಹೂರ್ತ, ಉಪ್ಪಿಟ್ಟು ತಿಂದು ಕೂರಬಹುದು. ಶುಕ್ರವಾರದ ಅಭ್ಯಾಸ ಬೆಳಿಗ್ಗೆ 7ಕ್ಕೆ ಮತ್ತು 10.30ಕ್ಕೆ, ಶನಿವಾರದ ಕ್ವಾಲಿಫೈಯಿಂಗ್ 10.30ಕ್ಕೆ. ಕೆಲಸದ ಹೊತ್ತಿನಲ್ಲಿ ಕಾರಿನ ಕೆಳಗೆ ಮಲಗಿ ಫೋನ್ ನೋಡಬೇಡಿ, ಇದನ್ನು ವೃತ್ತಿಬಾಂಧವನಾಗಿ ಹೇಳುತ್ತಿದ್ದೇನೆ. ಸಂಜೆ ರೀಪ್ಲೇ ನೋಡಿ, ಅಲ್ಲಿಯತನಕ ಗುಂಪನ್ನು ಮ್ಯೂಟ್ ಮಾಡಿ ಇಡಿ. ಒಂದನ್ನೇ ಆರಿಸಿಕೊಳ್ಳುವುದಾದರೆ ಶುಕ್ರವಾರದ ಎರಡನೇ ಅಭ್ಯಾಸದ ಕೊನೆಯ ಅರ್ಧಗಂಟೆ ನನ್ನ ಆಯ್ಕೆ. ತಂಡಗಳು ರೇಸಿನ ಇಂಧನ ತುಂಬಿ ಉದ್ದಕ್ಕೆ ಓಡುವುದು ಸಾಮಾನ್ಯವಾಗಿ ಆಗಲೇ, ಅದೇ ಟ್ರ್ಯಾಕಿನಲ್ಲಿ, ಅದೇ ಬಿಸಿಲಿನಲ್ಲಿ. ಫೆಬ್ರುವರಿಯ ಎಲ್ಲ ಅಂಕಿಗಿಂತ ಆ ಅರ್ಧಗಂಟೆ ಹೆಚ್ಚು ಬೆಲೆಯುಳ್ಳದ್ದು.

2024ರಿಂದ ಭಾರತದಲ್ಲಿ ನೇರಪ್ರಸಾರ ಫ್ಯಾನ್‌ಕೋಡ್ ಆ್ಯಪ್‌ನಲ್ಲಿ ಬರುತ್ತಿದೆ. ಐವರು ಸೇರಿ ಒಬ್ಬರ ಮನೆಯ ಟಿ.ವಿ.ಯಲ್ಲಿ ನೋಡುವುದಕ್ಕೆ ಅಡ್ಡಿಯಿಲ್ಲ. ಪರಿಚಯದ ಹೋಟೆಲಿನಲ್ಲಿ ಪರದೆ ಕಟ್ಟಿ ತಲೆಗೆ ಇಷ್ಟು ಅಂತ ವಸೂಲಿ ಮಾಡುವ ಯೋಚನೆ ಇದ್ದರೆ ಕೈಬಿಡಿ, ಮನೆಯ ಚಂದಾ ಮನೆಗೆ ಮಾತ್ರ, ವ್ಯಾಪಾರಿ ಪ್ರದರ್ಶನಕ್ಕೆ ಬೇರೆ ಅನುಮತಿ ಬೇಕು. ಪೈರಸಿ ಲಿಂಕುಗಳ ಕಡೆ ಹೋಗಬೇಡಿ. 'ಪ್ಲೇ' ಒತ್ತಿದರೆ ರೇಸಿನ ಬದಲು ಏನೇನೋ ತೆರೆದುಕೊಳ್ಳುತ್ತದೆ, ಕೆಲವು ನಿಮ್ಮ ಫೋನಿನೊಳಗೇ ಇಳಿಯುತ್ತವೆ. ಇನ್ವರ್ಟರ್ ಇರುವ ಮನೆ ಆರಿಸಿ, ಇಂಟರ್ನೆಟ್ ಡಬ್ಬಿಯನ್ನೂ ಅದಕ್ಕೇ ಜೋಡಿಸಿ. ಸೇಫ್ಟಿ ಕಾರ್ ಬಂದ ಹೊತ್ತಿಗೇ ಕರೆಂಟ್ ಹೋಗುವುದು ನಮ್ಮ ಹಣೆಬರಹ.

ಮೊದಲ ರೇಸಿನ ಜೊತೆ ನಮ್ಮವರ ನಂಟೂ ಇದೆ, ಹೇಳದೆ ಬಿಟ್ಟರೆ ಮನಸ್ಸು ಕೇಳುವುದಿಲ್ಲ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಕಣಕ್ಕಿಳಿದದ್ದು 2005ರ ಮೆಲ್ಬರ್ನ್‌ನ ಆರಂಭದ ರೇಸಿನಲ್ಲೇ, ಜೋರ್ಡನ್ ತಂಡದಿಂದ, ಹದಿನೈದನೆಯವರಾಗಿ ಮುಗಿಸಿದರು. ಕರುಣ್ ಚಾಂದೋಕ್ 2010ರಲ್ಲಿ ಬಹ್ರೇನ್‌ನ ಆರಂಭದ ರೇಸಿಗೆ ಬಂದಾಗ ಅವರ ಎಚ್‌ಆರ್‌ಟಿ ತಂಡದ ಕಾರಿನ ಜೋಡಣೆಯೇ ಮುಗಿದಿರಲಿಲ್ಲ, ಅದನ್ನು ಮೊದಲ ಸಲ ಓಡಿಸಿದ್ದೇ ಕ್ವಾಲಿಫೈಯಿಂಗ್‌ನಲ್ಲಿ. ಟೆಸ್ಟಿಂಗ್ ಟೈಮ್ ಇರಲಿ, ಟೆಸ್ಟಿಂಗೇ ಇಲ್ಲ. ಈ ಸಲ ರೇಸಿಂಗ್ ಬುಲ್ಸ್ ತಂಡದಿಂದ ಹೊಸದಾಗಿ ಇಳಿಯುತ್ತಿರುವ ಬ್ರಿಟನ್ನಿನ ಹುಡುಗ ಆರ್ವಿಡ್ ಲಿಂಡ್‌ಬ್ಲಾಡ್‌ನ ತಾಯಿ ಭಾರತೀಯ ಮೂಲದವರು. ಫೆರಾರಿ ಸೋತರೆ ಕೂಗಲು ನಿಮಗೊಂದು ಹೆಸರು ಇರಲಿ.

ಕೊನೆಗೆ ಮೆಲ್ಬರ್ನ್ ಪ್ರಯಾಣ. ಹೋಗಬೇಡಿ ಅನ್ನಲು ನನಗೆ ಮನಸ್ಸಿಲ್ಲ, ಸಾಲ ಮಾಡಿ ಮಾತ್ರ ಹೋಗಬೇಡಿ. ಟಿಕೆಟ್ಟಿಗಿಂತ ವಿಮಾನ ಮತ್ತು ಆ ವಾರದ ಹೋಟೆಲು ಹೆಚ್ಚು ನುಂಗುತ್ತವೆ. ಆಸ್ಟ್ರೇಲಿಯಾಕ್ಕೆ ಮೊದಲೇ ವೀಸಾ ಬೇಕು, ಕೊಡದೆಯೂ ಇರಬಹುದು, ಟಿಕೆಟ್ ಕೊಂಡಿದ್ದೇನೆ ಅನ್ನುವುದು ಅದಕ್ಕೆ ಖಾತ್ರಿಯಲ್ಲ. ಟಿಕೆಟ್ ತೆಗೆದರೆ ಆಯೋಜಕರ ಅಧಿಕೃತ ತಾಣದಲ್ಲೇ ತೆಗೆಯಿರಿ, ಇನ್‌ಸ್ಟಾಗ್ರಾಂನಲ್ಲಿ 'ಒಂದು ಉಳಿದಿದೆ' ಅನ್ನುವವರ ಹತ್ತಿರ ಬೇಡ. ಮೊದಲ ವಿದೇಶ ಪ್ರಯಾಣವಾದರೆ ಅಬುಧಾಬಿ ಅಥವಾ ಸಿಂಗಪುರ ಹತ್ತಿರವೂ ಹೌದು, ಸಲೀಸೂ ಹೌದು. ಅದು ಮೊದಲ ರೇಸಿನ ರೋಮಾಂಚನ ಕೊಡುವುದಿಲ್ಲ, ಒಪ್ಪುತ್ತೇನೆ.

ಇದೆಲ್ಲಕ್ಕಿಂತ ಮುಂಚೆ ನಾನು ನಿಮಗೆ ಹೇಳುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇಲ್ಲವೇ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ರಾಷ್ಟ್ರೀಯ ಮಟ್ಟದ ರೇಸಿಗೆ ಒಂದು ಸಲ ಹೋಗಿ ಬರಲು. ಖರ್ಚು ಕಡಿಮೆ, ಮೆಲ್ಬರ್ನ್‌ನಲ್ಲಿ ಬೇಲಿಯಾಚೆಯಿಂದ ಸಿಗದ ಗ್ಯಾರೇಜಿನ ನೋಟ ಇಲ್ಲಿ ಕೈಯಳತೆಯಲ್ಲಿ ಸಿಗುತ್ತದೆ. ನಿಮ್ಮ ಡಿಪ್ಲೊಮಾ, ನಿಮ್ಮ ಕೈಕೆಲಸ ಎರಡಕ್ಕೂ ಅಲ್ಲಿ ಗಿರಾಕಿಗಳಿದ್ದಾರೆ. ವಾರಾಂತ್ಯಕ್ಕೆ ಮೆಕ್ಯಾನಿಕ್ ಬೇಕಾದ ಸಣ್ಣ ತಂಡಗಳು ಯಾವಾಗಲೂ ಇರುತ್ತವೆ, ಪರಿಚಯ ಮಾಡಿಕೊಂಡು ಬನ್ನಿ. ಇಷ್ಟಾದ ಮೇಲೂ ಮೆಲ್ಬರ್ನೇ ಬೇಕು ಅನ್ನಿಸಿದರೆ ಪಾಸ್‌ಪೋರ್ಟಿನ ಅರ್ಜಿ ಈಗಲೇ ಹಾಕಿ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಇದೆಯೇ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ.